ನಿನ್ನೆಯ ಹೆಪ್ಪು

ಆಫೀಸ್ ಕೆಲಸಕ್ಕೆಂದು ಬ್ರೆಜಿಲ್‌ನ ಬೆಲೊ ಹೊರಿಜಾಂಟೆಗೆ ಹೋಗಿ ಮೂರು ವಾರವಾಗಿತ್ತು. ಹೋಟೆಲ್, ಆಫೀಸ್ ಬಿಟ್ಟು ಬೇರೇನೂ ನೋಡಿರಲಿಲ್ಲ. ಒಂದು ಭಾನುವಾರ ಅಲ್ಲಿನ ಗೆಳತಿ ಬೆಳಿಗ್ಗೆಯೇ ಬಂದು, "ಇವತ್ತು ಸುಮ್ನೆ ಸುತ್ತಾಡೋಣ ಬಾ" ಎಂದು ಮೆರ್ಕಾಡೊ ಸೆಂಟ್ರಲ್‌ಗೆ ಕರೆದುಕೊಂಡು ಹೋದಳು.

1929ರಲ್ಲಿ ಶುರುವಾದ ಮಾರ್ಕೆಟ್ ಇದು. 1964ರಲ್ಲಿ ನಗರಾಡಳಿತ ಜಾಗ ಮಾರಲು ಹೊರಟಾಗ ವ್ಯಾಪಾರಿಗಳೇ ಒಟ್ಟಾಗಿ ಕೊಂಡುಕೊಂಡರಂತೆ. ಈಗ ದೊಡ್ಡ ಸೂರಿನ ಕೆಳಗೆ ನಾನೂರಕ್ಕೂ ಜಾಸ್ತಿ ಅಂಗಡಿಗಳಿವೆ. ಒಂದು ಕಡೆ ಹಸಿರು ಕಾಯಿಗಳ ರಾಶಿ ಕಂಡಿತು. ಗುಂಡು ಬದನೆ ಅಂದುಕೊಂಡೆ. ಬದನೆಯ ಬಳಗದ್ದೇ, ಹೆಸರು ಜಿಲೊ. ಬಾರ್‌ಗಳ ಮುಂದೆ ಜನ ನಿಂತುಕೊಂಡೇ ಲಿವರ್ ಜೊತೆ ಹುರಿದ ಜಿಲೊ ತಿನ್ನುತ್ತಿದ್ದರು. ನಾನು ಬರೀ ಜಿಲೊ ಹಾಕಿಸಿಕೊಂಡೆ. ಹಾಗಲಕಾಯಿಯ ಥರ ಕಹಿ. ಹಾಗಲ ತಿಂದು ಬೆಳೆದವಳಿಗೆ ಅದು ತುಂಬಾ ಹಿಡಿಸಿತು.

ಆದರೆ ನನ್ನನ್ನು ನಿಲ್ಲಿಸಿದ್ದು ಚೀಸ್ ಅಂಗಡಿ. ಕನಾಸ್ತ್ರ ಬೆಟ್ಟದ ಕಡೆಯ ಚೀಸ್, ಹಳದಿ ಬಣ್ಣದ ದಪ್ಪ ಬಿಲ್ಲೆಗಳು. ಅಂಗಡಿಯ ಅಜ್ಜ ಚಾಕುವಿನ ತುದಿಯಲ್ಲೇ ಒಂದು ಚೂರು ಕೊಟ್ಟರು. ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಕೊನೆಗೆ ಸಣ್ಣ ಹುಳಿ. ಹೇಗೆ ಮಾಡುತ್ತಾರೆ ಎಂದು ಕೇಳಿದೆ. ಅವರು ಹೇಳುತ್ತಾ ಹೋದರು, ಗೆಳತಿ ಇಂಗ್ಲಿಷ್‌ನಲ್ಲಿ ತಿಳಿಸುತ್ತಾ ಹೋದಳು. ಹಾಲು ಕಾಯಿಸುವುದಿಲ್ಲ. ಉಪ್ಪು ಸವರಿದ ಚೀಸ್‌ನಿಂದ ರಾತ್ರಿಯಿಡೀ ನೀರು ತೊಟ್ಟಿಕ್ಕುತ್ತದೆ. ಅದನ್ನು ಹಿಡಿದಿಟ್ಟು ಮರುದಿನದ ಹಾಲಿಗೆ ಸೇರಿಸುತ್ತಾರೆ. ಅದರ ಹೆಸರು ಪಿಂಗೊ, ಅಂದರೆ ಹನಿ. ಯಾರದ್ದಾದರೂ ಕೆಟ್ಟುಹೋದರೆ ಪಕ್ಕದ ತೋಟದಿಂದ ತರುತ್ತಾರೆ.

ಇದು ಹೆಪ್ಪು ಅಲ್ವಾ! ನಮ್ಮ ಬೀದಿಯಲ್ಲಿ ಪುಟ್ಟ ಲೋಟ ಹಿಡಿದು "ಆಂಟಿ, ಸ್ವಲ್ಪ ಹೆಪ್ಪು ಬೇಕಂತೆ" ಎಂದು ಎಷ್ಟು ಸಲ ಹೋಗಿದ್ದೇನೋ. ದೀಪ ಹಚ್ಚಿದ ಮೇಲೆ ಹೋದರೆ ಕೊಡುತ್ತಿರಲಿಲ್ಲ. ಇದನ್ನು ಹೇಳಿದಾಗ ಅಜ್ಜ ಇನ್ನೊಂದು ಚೂರು ಕತ್ತರಿಸಿ ಕೈಗಿಟ್ಟರು. ಈ ಚೀಸ್ ಮಾಡುವ ಪದ್ಧತಿಗೆ 2024ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿದೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅರ್ಧ ಬಿಲ್ಲೆ ಚೀಸ್, ಸೀಬೆಹಣ್ಣಿನ ಗಟ್ಟಿ ಹಲ್ವದಂಥ ಗೊಯಾಬಾದ ಕಟ್ಟಿಸಿಕೊಂಡು ಪಾರ್ಕೆ ಮುನಿಸಿಪಲ್‌ಗೆ ನಡೆದೆವು. ಈ ಪಾರ್ಕ್ ಊರಿಗಿಂತ ಹಿರಿಯದು. ಪಾರ್ಕ್ ತೆರೆದದ್ದು 1897ರ ಸೆಪ್ಟೆಂಬರ್‌ನಲ್ಲಿ, ಊರು ಉದ್ಘಾಟನೆಯಾದದ್ದು ಅದೇ ಡಿಸೆಂಬರ್‌ನಲ್ಲಿ. ಮೊದಲು ಇನ್ನೂ ದೊಡ್ಡದಿತ್ತಂತೆ, ಕಟ್ಟಡಗಳು ಬಂದು ಬಂದು ಸಣ್ಣದಾಗಿದೆ. ಉಳಿದದ್ದನ್ನಾದರೂ ಹೀಗೇ ಇಟ್ಟುಕೊಂಡಿರಲಿ ಅನ್ನಿಸಿತು. ಒಳಗೆ ಅಷ್ಟು ತಂಪು. ಕೆರೆಯಲ್ಲಿ ಒಬ್ಬ ಅಪ್ಪ ದೋಣಿ ಹುಟ್ಟು ಹಾಕುತ್ತಿದ್ದ, ಮಗಳು ನೀರಿಗೆ ಕೈ ಇಳಿಬಿಟ್ಟು ಕೂತಿದ್ದಳು. ನಾವು ಬೆಂಚಿನ ಮೇಲೆ ಪೊಟ್ಟಣ ಬಿಚ್ಚಿ ಒಂದು ಚೂರು ಚೀಸ್, ಒಂದು ಚೂರು ಗೊಯಾಬಾದ ಸೇರಿಸಿ ತಿಂದೆವು.

ಆಗ ಅಲ್ಲಿ ಮಧ್ಯಾಹ್ನ ಒಂದು ಗಂಟೆ, ಮೈಸೂರಿನಲ್ಲಿ ರಾತ್ರಿ ಒಂಬತ್ತೂವರೆ. ಅಮ್ಮನಿಗೆ ಫೋನ್ ಮಾಡಿದೆ.

"ಒಂದ್ನಿಮಿಷ ಇರು, ಹಾಲು ಆರಿಹೋಗುತ್ತೆ, ಹೆಪ್ಪು ಹಾಕಿಬಿಡ್ತೀನಿ" ಎಂದರು.

ಚಮಚದ ಸದ್ದು, ಪಾತ್ರೆ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಪಿಂಗೊ ಕಥೆಯೆಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಉಪ್ಪು ಬಿದ್ದ ಹೆಪ್ಪಿನಲ್ಲಿ ಹಾಲು ಹೆಪ್ಪಾಗುತ್ತಾ? ಆ ಅಜ್ಜನ್ನ ಇನ್ನೊಂದು ಸಲ ಕೇಳ್ಕೊಂಡು ಬಾ."