ಕಾಫಿ ಈಗ ಮಾರೋದಾ, ಇಟ್ಕೊಳ್ಳೋದಾ?

ಚಿಕ್ಕಮಗಳೂರಿನಲ್ಲಿ ಅರ್ಥಶಾಸ್ತ್ರ ಓದುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಎಂ.ಎ. ಮುಗಿಸಿ, ಪದವಿ ತರಗತಿಗೆ ಪಾಠ ಹೇಳುತ್ತಾ ಕಾಫಿ ದರದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನ್ನನ್ನಂತೂ ಮದುವೆಮನೆಯಲ್ಲೂ ಇದನ್ನೇ ಕೇಳುತ್ತಾರೆ. ಮುಂದಿನ ತಿಂಗಳ ದರ ಹೇಳಲಾರೆ. ಆದರೆ ದರ ಎಷ್ಟು ಏರಿದರೆ ಇಟ್ಟುಕೊಂಡದ್ದು ಗಿಟ್ಟುತ್ತದೆ ಅನ್ನುವುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ರೋಬಸ್ಟಾ ಚೆರ್ರಿಯನ್ನೇ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾ ಜಾತಿಯ ಕಾಫಿ ಹಣ್ಣನ್ನೇ ತೆಗೆದುಕೊಳ್ಳಿ. ವ್ಯಾಪಾರಿಗಳು ಆಧಾರವಾಗಿ ನೋಡುವ ಲಂಡನ್ ವಾಯಿದಾ ಮಾರುಕಟ್ಟೆಯ ದರ ಇರುವುದು ಹೊಟ್ಟು ತೆಗೆದ ಬೀಜಕ್ಕೆ, ಟನ್ನಿಗೆ ಇಷ್ಟು ಡಾಲರ್ ಅಂತ. ಲೆಕ್ಕಕ್ಕೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಅಂದುಕೊಂಡರೆ ಕಿಲೋಗೆ 340 ರೂಪಾಯಿ. ನಾವು ಮಾರುವುದು 50 ಕಿಲೋ ಚೆರ್ರಿ ಮೂಟೆ. ಅದರಲ್ಲಿ 26 ಕಿಲೋ ಬೀಜ ಬಂದರೆ 26 ಓಟಿ (ಔಟ್‌ಟರ್ನ್), ಅಂದರೆ 8,840 ರೂಪಾಯಿ. 24 ಓಟಿ ಬಂದರೆ 8,160. ಇದರಲ್ಲಿ ಕ್ಯೂರಿಂಗ್ (ಹೊಟ್ಟು ತೆಗೆದು ಬೀಜ ವಿಂಗಡಿಸುವುದು), ಸಾಗಣೆ, ವ್ಯಾಪಾರಿಯ ಲಾಭ ಕಳೆಯಬೇಕು. ದಿನಾ ಲಂಡನ್ ದರ ನೋಡುವವರೂ ಓಟಿ ತೆಗೆಯುವಾಗ ಹತ್ತಿರ ನಿಲ್ಲುವುದಿಲ್ಲ. ಎರಡು ಓಟಿಗೆ ಮೂಟೆಗೆ 680 ರೂಪಾಯಿ ಹೋಯಿತು! ಸ್ಯಾಂಪಲ್ಲನ್ನು ಒಂದೇ ಮೂಟೆಯ ಬಾಯಿಂದ ತೆಗೆಯಲು ಬಿಡಬೇಡಿ. ನಾಲ್ಕೈದು ಮೂಟೆಗಳ ನಡುವಿನಿಂದ, ತಳದಿಂದ ತೆಗೆಸಿ, ಬೆರೆಸಿ, ನಿಮ್ಮೆದುರಿಗೇ ತೂಗಿಸಿ.

ಇನ್ನು ಇಟ್ಟುಕೊಳ್ಳುವ ಖರ್ಚು. 8,840 ರೂಪಾಯಿಗೆ ವರ್ಷಕ್ಕೆ ಶೇ 12ರ ಬಡ್ಡಿ ಅಂದರೆ ಮೂರು ತಿಂಗಳಿಗೆ 265. ತೇವಾಂಶ ಶೇ 12ರಿಂದ 11ಕ್ಕೆ ಇಳಿದರೆ ಮೂಟೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚೇ ಹಗುರಾಗುತ್ತದೆ, ಅದು ಹತ್ತಿರ ಹತ್ತಿರ 100 ರೂಪಾಯಿ. ಅಲ್ಲಿಗೆ ದರ ಶೇ 4ರಷ್ಟಾದರೂ ಏರದಿದ್ದರೆ ಕಾದದ್ದು ನಷ್ಟವೇ. ಮಳೆಗಾಲ ಹಿಡಿದ ಮೇಲೆ ಲೆಕ್ಕ ಬೇರೆ: ಗೋದಾಮಿನ ಚೆರ್ರಿ ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ, ತೂಕ ಬಂದರೂ ದರ ಬೀಳುತ್ತದೆ.

"ಗೊಬ್ಬರ, ಕೂಲಿ ಅಂತ ಇಷ್ಟು ಸುರಿದಿದ್ದೀನಿ, ಅದಕ್ಕಿಂತ ಕಮ್ಮಿಗೆ ಕೊಡಲ್ಲ" ಅನ್ನುವವರಿದ್ದಾರೆ. ತರಗತಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಇದಕ್ಕೇ. ಸುರಿದ ದುಡ್ಡು ಮಾರಿದರೂ ವಾಪಸ್ ಬಾರದು, ಇಟ್ಟರೂ ಬಾರದು. ಇವತ್ತಿನ ತೀರ್ಮಾನಕ್ಕೆ ಬೇಕಾದದ್ದು ಇವತ್ತಿನ ದರ ಮತ್ತು ಮುಂದಿನ ಖರ್ಚು ಮಾತ್ರ.

ನನ್ನ ಸಂಶೋಧನೆಯ ಪ್ರಶ್ನೆ ಇದು: ಲಂಡನ್‌ನಲ್ಲಿ ದರ ಏರಿದಾಗ ಅದು ನಮ್ಮಲ್ಲಿಗೆ ಎಷ್ಟು ಬೇಗ ತಲುಪುತ್ತದೆ, ಇಳಿದಾಗ ಎಷ್ಟು ಬೇಗ? ಎರಡೂ ದರಗಳು ವರ್ಷಗಟ್ಟಲೆ ಒಟ್ಟಿಗೆ ಏರಿದ್ದರೆ, ಸಂಬಂಧವಿಲ್ಲದಿದ್ದರೂ ಎರಡರ ನಂಟನ್ನು ಅಳೆಯುವ ರಿಗ್ರೆಷನ್‌ನಲ್ಲಿ ಗಟ್ಟಿ ಸಂಬಂಧ ಕಾಣುತ್ತದೆ. ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಇದನ್ನು ತೋರಿಸಿಕೊಟ್ಟರು. ಹಾಗಾಗಿ ಮೊದಲು ಯೂನಿಟ್ ರೂಟ್ ಪರೀಕ್ಷೆ (ದರ ಒಂದು ಮಟ್ಟಕ್ಕೆ ಮರಳದೆ ಅಲೆಯುತ್ತದೆಯೇ ಅಂತ), ಆಮೇಲೆ ಕೋಇಂಟಿಗ್ರೇಷನ್ (ಎರಡೂ ದರ ದೀರ್ಘಕಾಲದಲ್ಲಿ ನಿಜಕ್ಕೂ ಜೊತೆಗೇ ಸಾಗುತ್ತವೆಯೇ ಅಂತ). ದಿನ ಹೊಂದಿಸುವುದರಲ್ಲೂ ಎಡವಟ್ಟಾಗುತ್ತದೆ. ಲಂಡನ್ ವಹಿವಾಟು ಮುಗಿಯುವಾಗ ಇಲ್ಲಿ ರಾತ್ರಿ, ಅದನ್ನು ಹೋಲಿಸಬೇಕಾದದ್ದು ನಮ್ಮ ಮರುದಿನದ ದರದ ಜೊತೆ.

ಲಂಡನ್‌ನಲ್ಲಿ ಮೇ, ಜುಲೈ, ಸೆಪ್ಟೆಂಬರ್ ತಿಂಗಳಲ್ಲಿ ಕೊಡಬೇಕಾದ ಸರಕಿಗೆ ಈಗಲೇ ಬೇರೆ ಬೇರೆ ದರ ಇರುತ್ತದೆ. ದೂರದ ತಿಂಗಳ ದರ ಹತ್ತಿರದ್ದಕ್ಕಿಂತ ಕಮ್ಮಿ ಇದ್ದರೆ, ಕಾಯುವುದಕ್ಕೆ ಮಾರುಕಟ್ಟೆ ನಿಮಗೆ ಏನೂ ಕೊಡುತ್ತಿಲ್ಲ ಎಂದೇ ತಿಳಿಯಿರಿ. ಬಡ್ಡಿ ಓಡುತ್ತಿರುವ ಸಾಲ ತೀರುವಷ್ಟು ಮೂಟೆಗಳನ್ನು ಮೊದಲು ಮಾರಿ. ಉಳಿದದ್ದನ್ನು ಚೆನ್ನಾಗಿ ಒಣಗಿಸಿ, ಹಲಗೆಯ ಮೇಲೆ ಗೋಡೆಗೆ ತಾಗದಂತೆ ಜೋಡಿಸಿ, ಮಳೆ ಹಿಡಿಯುವ ಮುಂಚೆ ಕಂತಿನಲ್ಲಿ ಕೊಡಿ.