ಮನೇಲೇ ಕೂತು ಎಂಕಾಂ ಮಾಡೋದು ಸುಲಭ ಅಲ್ವಾ?

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಕೇಳುತ್ತಾರೆ: "ಏನಮ್ಮಾ, ಆನ್‌ಲೈನಲ್ಲಿ ಎಂಕಾಂ ಮಾಡ್ತಿದ್ದೀಯಂತೆ? ಮನೇಲೇ ಕೂತು ಸುಲಭ ಅಲ್ವಾ? ಆದ್ರೆ ಅದಕ್ಕೆ ಬೆಲೆ ಇದೆಯಾ?" ಉತ್ತರ ಶುರು ಮಾಡುವಷ್ಟರಲ್ಲಿ ಮಜ್ಜಿಗೆ ಬಂದಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಲೆಯ ಮಾತು ಬೇಗ ಮುಗಿಯುತ್ತದೆ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ (ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಕೇಂದ್ರದ ಆಯೋಗ) 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆದರೆ ವಿಶ್ವವಿದ್ಯಾಲಯಕ್ಕೆ ಹೆಸರಿದ್ದರೆ ಸಾಲದು, ನೀವು ಸೇರುವ ಕೋರ್ಸಿಗೂ ಆ ವರ್ಷ ಅನುಮತಿ ಇರಬೇಕು. ಅದನ್ನು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೀವೇ ನೋಡಿ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ "ಮೇಡಂ, ಇವತ್ತೇ ಲಾಸ್ಟ್ ಡೇಟ್" ಅನ್ನುವವರ ಮಾತು ನಂಬಬೇಡಿ. ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ಹೀಗೆ ಕೊಡುವಂತೆಯೇ ಇಲ್ಲ. ನಮ್ಮ ಕಡೆ ಜನ ಹೆದರುವುದಕ್ಕೆ ಕಾರಣವೂ ಇದೆ ಅನ್ನಿ. 2015ರಲ್ಲಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ ವಾಪಸ್ ಪಡೆದಿತ್ತು. ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಸಿಕ್ಕಿಕೊಂಡವರು ಪಟ್ಟ ಪಾಡು ಎಷ್ಟೋ ಮನೆಗಳಲ್ಲಿ ಇನ್ನೂ ನೆನಪಿದೆ.

ಇನ್ನು ಸುಲಭವಾ ಅನ್ನೋದು.

ಎಂಕಾಂಗೆ ಮೊದಲು ನಾನು ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಒಂದು ಕೋರ್ಸ್ ತಗೊಂಡಿದ್ದೆ. ಕಲಿಯೋಕೆ ದುಡ್ಡಿಲ್ಲ, ಪರೀಕ್ಷೆ ಬರೆಯೋಕೆ ಮಾತ್ರ ಸಾವಿರ ರೂಪಾಯಿ. ಮೊದಲ ವಾರದ ಪಾಠಗಳನ್ನು ಹುರುಳಿಕಾಯಿ ಹೆಚ್ಚುತ್ತಾ ನೋಡಿ ಮುಗಿಸಿದೆ, ಆಹಾ ಎಷ್ಟು ಆರಾಮ ಅನ್ನಿಸಿತು. ಅಸೈನ್‌ಮೆಂಟ್ ತೆಗೆದಾಗ ಗೊತ್ತಾಯಿತು, ತಲೆಗೆ ಹೋಗಿದ್ದು ಏನೂ ಇಲ್ಲ ಅಂತ. ಮುಂದಿನ ವಾರ ನೋಡೋಣ, ಭಾನುವಾರ ನೋಡೋಣ ಅಂದುಕೊಂಡೇ ಐದನೇ ವಾರದ ಹೊತ್ತಿಗೆ ಮೂರು ವಾರದ ಪಾಠ ಬಾಕಿ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ, ಅದೂ ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು. ನಾನು ಫೀಸು ಕಟ್ಟಿ, ಹಾಲ್ ಟಿಕೆಟ್ ಪ್ರಿಂಟ್ ಹಾಕಿಸಿಕೊಂಡು, ಪರೀಕ್ಷೆಗೆ ಹೋಗಲೇ ಇಲ್ಲ. ಯಾರೂ ಯಾಕೆ ಅಂತ ಕೇಳಲಿಲ್ಲ. ಬಿಕಾಂ ಓದುವಾಗ ಎರಡು ದಿನ ತಪ್ಪಿಸಿಕೊಂಡರೆ ಮೇಷ್ಟ್ರು ಹೆಸರು ಹಿಡಿದು ಕೂಗುತ್ತಿದ್ದರು, ಅದು ಆಗ ಕಿರಿಕಿರಿ ಅನ್ನಿಸುತ್ತಿತ್ತು.

ಮನೆಯದ್ದು ಬೇರೆಯೇ ಕಥೆ. ಕಾಲೇಜಿಗೆ ಹೋದವಳಿಗೆ ಯಾರೂ ಕೆಲಸ ಹೇಳಲ್ಲ. ರೂಮಿನಲ್ಲಿ ಕೂತು ಓದುವವಳು ಮಾತ್ರ ಎಲ್ಲರ ಕಣ್ಣಿಗೆ ಖಾಲಿ ಕೂತಿರುತ್ತಾಳೆ. "ಹೇಗೂ ಮನೇಲೇ ಇದ್ದೀಯಲ್ಲ, ಕುಕ್ಕರ್ ಮೂರು ಸಲ ಕೂಗಿದ್ಮೇಲೆ ಆಫ್ ಮಾಡು", "ಗ್ಯಾಸಿನವನು ಬರ್ತಾನೆ ನೋಡ್ಕೋ". ಎಂಕಾಂನ ಮೊದಲ ಸೆಮಿಸ್ಟರ್ ಪರೀಕ್ಷೆ ಮನೆಯಿಂದಲೇ, ಕ್ಯಾಮೆರಾ ಆನ್ ಮಾಡಿಕೊಂಡು ಬರೆಯುವುದಿತ್ತು (ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೀತಾರೆ ಅನ್ನುವವರು ಒಮ್ಮೆ ಬಂದು ಕೂತು ನೋಡಲಿ). ಅರ್ಧಕ್ಕೆ ಅತ್ತೆ ಬಾಗಿಲು ತೆಗೆದು ಎಷ್ಟು ಪ್ಯಾಕೆಟ್ ಹಾಲು ತರಿಸಲಿ ಅಂತ ಕೇಳಿದರು. ಇನ್ನೊಬ್ಬರು ಕಾಣಿಸುತ್ತಿದ್ದಾರೆ ಅಂತ ಪರದೆಯ ಮೇಲೆ ಎಚ್ಚರಿಕೆ ಬಂತು, ನನಗೆ ಬೆವರು. ಈಗ ಬೆಳಗ್ಗೆ 5ರಿಂದ 6.30ರವರೆಗೆ ಓದು, ಆಗ ಹಾಲಿನವನೂ ಬಂದಿರಲ್ಲ.

ಒಂಟಿತನ ಕಾಡಲ್ವಾ ಅಂತಲೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ, ಬಿಕಾಂನಲ್ಲಿ ಮೂರು ವರ್ಷ ಹಿಂದಿನ ಬೆಂಚಲ್ಲಿ ಕೂತು ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ ನಾನು. ಇಲ್ಲಿ ಟೈಪ್ ಮಾಡಿ ಕೇಳುತ್ತೇನೆ, ಉತ್ತರ ಎರಡು ದಿನ ಬಿಟ್ಟು ಬಂದರೂ ಬರುತ್ತದೆ.

ಮೊನ್ನೆ ಚಿಕ್ಕಪ್ಪನ ಮಗಳು ಸೇರಲಾ ಅಕ್ಕಾ ಅಂದಳು. ಫೀಸು ಈಗಲೇ ಕಟ್ಟಬೇಡ, ಮೊದಲು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂನಲ್ಲಿ 8 ವಾರದ್ದು ಯಾವುದಾದರೂ ಒಂದು ತಗೋ, ಪರೀಕ್ಷೆ ಕೇಂದ್ರದ ಬಾಗಿಲವರೆಗೆ ಹೋದರೆ ಫೋನ್ ಮಾಡು ಅಂದೆ. ಈಗ ಅವಳದ್ದು ಮೂರನೇ ವಾರ.