ಉಪ್ಪು ನೀರಿನ ಪಕ್ಕದಲ್ಲಿ ಭತ್ತ

ಮಂಡ್ಯದಿಂದ ಕುಮಟಾಕ್ಕೆ ಹೊರಟಾಗ ಮಕ್ಕಳಿಗೆಲ್ಲ ಸಮುದ್ರದ್ದೇ ಕನಸು. ಯಾಣದ ಕಪ್ಪು ಬಂಡೆಗಳ ಕೆಳಗೆ ಎಲ್ಲರೂ ಸುಮ್ನೆ ನಿಂತುಬಿಟ್ಟೆವು. ಗೋಕರ್ಣದ ಓಂ ಬೀಚಿನಲ್ಲಿ ಜನ ಜಾಸ್ತಿ, ನನಗೆ ಹಿಡಿಸಲಿಲ್ಲ.

ವಾಪಸ್ ಬರುವಾಗ ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟೋಣ ಅಂದುಕೊಂಡಿದ್ದೆವು. ಲಾಡ್ಜಿನವರು ಹೇಳಿದ ಸಮಯ ನಂಬಿ ಹೋದರೆ ದೋಣಿ ಹೋಗಿಯಾಗಿತ್ತು. ಎದುರಿಗೇ ಕಾಣುವ ದಡಕ್ಕೆ ಮಿರ್ಜಾನ್ ಸುತ್ತಿ ಬರಬೇಕಾಯಿತು. ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಹೋದರೆ ದೋಣಿಯವರನ್ನೇ ಕೇಳಿ.

ಮರುದಿನ ಹೊಳೆ ದಡದ ಮಾಣಿಕಟ್ಟಾ ಊರಿಗೆ ಹೋದೆವು. ಅಘನಾಶಿನಿ ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ಹೊಳೆ. ಬೆಳಗಾದರೆ ಕೆ.ಆರ್.ಎಸ್. ಮಟ್ಟ ಎಷ್ಟು ಅಂತ ನೋಡುವ ನಮಗೆ ಅದೇ ದೊಡ್ಡ ವಿಷಯ. ಉಬ್ಬರದ ಹೊತ್ತಿಗೆ ಇಲ್ಲಿ ನೀರು ಹಿಂದಕ್ಕೆ ಹರಿಯುತ್ತದೆ. ಬೆರಳು ಅದ್ದಿ ನಾಲಿಗೆಗೆ ಇಟ್ಟೆ, ಉಪ್ಪು. ಅದರ ಪಕ್ಕದಲ್ಲೇ ಗಜನಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆ, ಅದರ ತುಂಬ ತೆನೆ ಬಿಟ್ಟ ಭತ್ತ!

ಕಟ್ಟೆ ಮೇಲೆ ಒಬ್ಬ ಹಿರಿಯರು ಕೂತಿದ್ದರು.

"ಇದು ಕಗ್ಗ ಭತ್ತ. ಉಪ್ಪಿಗೂ ಹೆದರೂದಿಲ್ಲ, ನೆರೆಗೂ ಹೆದರೂದಿಲ್ಲ."

"ಗೊಬ್ಬರ ಎಷ್ಟು ಹಾಕ್ತೀರಿ?"

"ಗೊಬ್ಬರ ಎಂತಕ್ಕೆ? ಹೊಳೆಯೇ ಮಣ್ಣು ತಂದು ಹಾಕ್ತದಲ್ಲ."

ನಾನು ಮುಂದೆ ಮಾತಾಡಲಿಲ್ಲ. ನಾಲೆ ನೀರು ನಿಂತು ನಿಂತು ನಮ್ಮ ಅರ್ಧ ಎಕರೆ ಚೌಳಾಯಿತು. ಮಣ್ಣಿನ ಮೇಲೆ ಬಿಳಿ ಪುಡಿ ಕಂಡ ವರ್ಷವೇ ಅಪ್ಪ ಅದನ್ನು ಬೀಳು ಬಿಟ್ಟರು. ಉಪ್ಪು ಬಂತು ಅಂದರೆ ನೆಲದ ಕಥೆ ಮುಗಿಯಿತು ಅಂತಲೇ ನಾನು ತಿಳಿದಿದ್ದು.

ಅವರೇ ಹೇಳುತ್ತಾ ಹೋದರು. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆಯುವ ಹೊತ್ತಿಗೆ ಮೊಳಕೆ ಬೀಜ ಚೆಲ್ಲುತ್ತಾರೆ. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪು ನೀರು ಒಳಗೆ ಬಿಡುತ್ತಾರೆ. ಅದರ ಜೊತೆ ಸಿಗಡಿ, ಮೀನು ಬರುತ್ತವೆ. ಊರವರು ಸೇರಿಯೇ ಬೇಸಾಯ ಮಾಡುತ್ತಾರೆ, ನಡುವೆ ಬದುಗಳಿಲ್ಲ. ನಮ್ಮಲ್ಲಿ ಒಂದು ಗೇಣು ಬದುವಿಗೆ ಅಣ್ಣ ತಮ್ಮಂದಿರು ಮಾತು ಬಿಟ್ಟಿರುತ್ತಾರೆ, ಅಲ್ವಾ?

ಹೊರಡುವಾಗ ಅವರು ಒಂದು ಹಿಡಿ ತೆನೆ ಕಿತ್ತುಕೊಟ್ಟರು. ಮಂಡ್ಯಕ್ಕೆ ಬಂದು ಅಪ್ಪನ ಕೈಗಿಟ್ಟೆ. ಅಂಗೈಯಲ್ಲಿ ಉಜ್ಜಿ, ಊದಿ, ಒಂದು ಕಾಳು ಹಲ್ಲಲ್ಲಿ ಕಡಿದು ನೋಡಿದರು. ಫೋಟೋ ಯಾವುದನ್ನೂ ಕೇಳಲಿಲ್ಲ.

"ಬಿತ್ತನೆಗೆ ಕೊಡ್ತಾರಂತಾ?" ಅಂದರು.